ಕ್ಲಬ್ ಯಾರದು? ಕೆಜಿಎಫ್‌ನ ಒಂದು ಫುಟ್‌ಬಾಲ್ ತಂಡದ ಪ್ರಕರಣ

2023ರ ಜೂನ್ ತಿಂಗಳ ಒಂದು ಭಾನುವಾರ. ಬೆಳಗಿನ ಪ್ರಾಕ್ಟೀಸ್ ಮುಗಿದಿತ್ತು. ಹುಡುಗರು ಬೂಟು ಬಿಚ್ಚಿ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಕೂತಿದ್ದರು. ಆರು ವರ್ಷದಿಂದ ನಮ್ಮ ಕ್ಲಬ್ಬಿಗೆ ಹಣ ಕೊಡುತ್ತಿದ್ದ ಉದ್ಯಮಿಯ ಆಫೀಸಿನಿಂದ ಒಬ್ಬರು ಬೈಕಿನಲ್ಲಿ ಬಂದರು. ಒಂದು ಫೈಲು ಕೊಟ್ಟರು. ಒಳಗೆ ನಾಲ್ಕು ಪುಟದ ಕರಾರು ಪತ್ರ ಇತ್ತು. "ಸಾರ್ ಹೇಳಿದ್ದಾರೆ, ಈ ವಾರದೊಳಗೆ ಸೈನ್ ಆದ್ರೆ ಈ ಸೀಸನ್ನಿಗೇ ಅನುಕೂಲ ಆಗುತ್ತೆ" ಎಂದು ಹೇಳಿ ಹೋದರು.

"ಸೈನ್ ಯಾರು ಮಾಡಬೇಕು ಮೇಷ್ಟ್ರೇ?" ಎಂದು ಕೇಳಿದ್ದು ನಮ್ಮ ಗೋಲ್‌ಕೀಪರ್. ಅವನಿಗೆ ಆಗ ಹತ್ತೊಂಬತ್ತು ವರ್ಷ.

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಎಲ್ಲರೂ ನನ್ನನ್ನು ಸೆಕ್ರೆಟರಿ ಎಂದು ಕರೆಯುತ್ತಿದ್ದರು. ಆದರೆ ನನ್ನನ್ನು ಯಾರೂ ಆರಿಸಿರಲಿಲ್ಲ. ಹಳೆಯ ಸೆಕ್ರೆಟರಿ ತೀರಿಕೊಂಡಾಗ ಅವರ ಮನೆಯವರು ಸ್ಕೋರ್ ಪುಸ್ತಕವನ್ನೂ ಗಾಳಿ ಹೊಡೆಯುವ ಪಂಪನ್ನೂ ತಂದು ನನ್ನ ಕೈಗೆ ಕೊಟ್ಟಿದ್ದರು. ನಾನು ಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು, ಬರೆಯುವ ಕೆಲಸ ಬರುತ್ತದೆ ಎಂದು ಇರಬೇಕು. ಅಂದಿನಿಂದ ನಾನೇ ಸೆಕ್ರೆಟರಿ.

ಆ ಒಂದು ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ಎಂಟು ತಿಂಗಳು ಬೇಕಾಯಿತು. ಆ ಎಂಟು ತಿಂಗಳಲ್ಲಿ ಏನಾಯಿತು, ಆಮೇಲೆ ಏನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಬೇರೆ ಊರಿನ ಸಣ್ಣ ಕ್ಲಬ್ಬುಗಳಿಗೆ ಇಂಥದ್ದೇ ಫೈಲು ಬಂದರೆ ಉಪಯೋಗಕ್ಕೆ ಬರಲಿ ಎಂಬುದೇ ನನ್ನ ಆಸೆ. ಕ್ಲಬ್ಬಿನ ಹೆಸರು, ವ್ಯಕ್ತಿಗಳ ಹೆಸರು ಬೇಕೆಂದೇ ಹಾಕಿಲ್ಲ.

ಕ್ಲಬ್ ಹುಟ್ಟಿದ ಊರು

ಕೆಜಿಎಫ್‌ನಲ್ಲಿ "ಇದು ಯಾರದು" ಎಂಬ ಪ್ರಶ್ನೆ ಹೊಸದಲ್ಲ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿತು. 1956ರಲ್ಲಿ ಗಣಿ ಮೈಸೂರು ಸರ್ಕಾರಕ್ಕೆ ಬಂತು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಕಾರ್ಮಿಕರು ವಾಸವಿದ್ದ ಸಾಲು ಮನೆ, ಅಂದರೆ ಲೈನ್ ಮನೆ ಕಂಪನಿಯದು, ನೀರು ಕಂಪನಿಯದು, ಆಸ್ಪತ್ರೆ ಕಂಪನಿಯದು, ಆಟದ ಮೈದಾನವೂ ಕಂಪನಿಯದು. ಭೂಮಿಯೊಳಗೆ ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಇಳಿದು ದುಡಿದವರಿಗೆ ಮೇಲೆ ಯಾವುದೂ ಸ್ವಂತ ಇರಲಿಲ್ಲ. ಮುಚ್ಚುವ ತೀರ್ಮಾನ ಆದಾಗ ಅವರನ್ನು ಯಾರೂ ಕೇಳಲೂ ಇಲ್ಲ.

ನಮ್ಮ ಕ್ಲಬ್ ಹುಟ್ಟಿದ್ದು ಗಣಿ ನಡೆಯುತ್ತಿದ್ದ ಕಾಲದಲ್ಲಿ. ಒಂದೇ ಶಿಫ್ಟಿನಲ್ಲಿ ಕೆಲಸ ಮಾಡುವವರು ಸೇರಿಕೊಂಡು ಕಟ್ಟಿದ ತಂಡ ಅದು. ಬಿಳಿ ಬನಿಯನ್ನುಗಳನ್ನು ಹಳದಿ ಬಣ್ಣದ ನೀರಿನಲ್ಲಿ ಅದ್ದಿ ಜೆರ್ಸಿ ಮಾಡಿಕೊಂಡಿದ್ದರಂತೆ. ಮೊದಲ ಮಳೆಗೇ ಬಣ್ಣ ಬಿಟ್ಟು ಚಡ್ಡಿಯೂ ಹಳದಿ ಆಯಿತಂತೆ. ಅಂದಿನಿಂದ ಮೇಲೂ ಕೆಳಗೂ ಹಳದಿಯೇ. ಗಣಿ ಮುಚ್ಚಿದ ಮೇಲೆ ಊರಿನ ಎಷ್ಟೋ ಸಂಘಗಳು ನಿಂತವು. ಇದು ಹೇಗೋ ನಡೆದುಕೊಂಡು ಬಂತು. ಹುಡುಗರು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ, ರಾತ್ರಿ ಬರುತ್ತಾರೆ. ಭಾನುವಾರ ಮಾತ್ರ ಮೈದಾನಕ್ಕೆ ಬರುತ್ತಾರೆ. ಬೇಸಿಗೆಯಲ್ಲಿ ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡ) ಕಡೆಯಿಂದ ಗಾಳಿ ಬೀಸಿದರೆ ಬಿಳಿ ಧೂಳು ಕಣ್ಣಿಗೆ ಬರುತ್ತದೆ. ಆಗ ಆಟ ನಿಲ್ಲಿಸಿ, ಗಾಳಿ ಅಡಗಿದ ಮೇಲೆ ಮತ್ತೆ ಆಡುತ್ತಾರೆ.

ಹಣ ಕೊಡುತ್ತಿದ್ದ ಉದ್ಯಮಿ ಕೆಟ್ಟವರಲ್ಲ. ಇದನ್ನು ನಾನು ಮೊದಲೇ ಹೇಳಬೇಕು. ಲೇಔಟ್ ವ್ಯವಹಾರ ಮಾಡುವವರು. ಚಿಕ್ಕವರಿದ್ದಾಗ ನಮ್ಮ ಮೈದಾನದಲ್ಲೇ ಆಡಿದವರು. ಬೂಟು, ಬಾಲು, ಬಸ್ ಬಾಡಿಗೆ ಎಲ್ಲ ಅವರದೇ. ಒಬ್ಬ ಹುಡುಗನ ಮೊಣಕಾಲಿನ ಲಿಗಮೆಂಟ್ ಹರಿದಾಗ ಆಪರೇಷನ್ ಖರ್ಚು ಪೂರ್ತಿ ಕೊಟ್ಟರು. ನಮ್ಮ ವರ್ಷದ ಖರ್ಚು ಸುಮಾರು ಮೂರು ಲಕ್ಷ. ಅದರಲ್ಲಿ ಮುಕ್ಕಾಲು ಪಾಲು ಅವರಿಂದಲೇ ಬರುತ್ತಿತ್ತು.

ಕರಾರಿನಲ್ಲಿ ಏನಿತ್ತು

ಅವರ ಯೋಜನೆ ದೊಡ್ಡದು. ತಂಡವನ್ನು ಬೆಂಗಳೂರಿನ ಡಿವಿಷನ್ ಲೀಗಿಗೆ ಕೊಂಡೊಯ್ಯುವುದು. ಸಂಬಳದ ಕೋಚ್. ದೂರದ ಹುಡುಗರಿಗೆ ಹಾಸ್ಟೆಲ್. ಇದಕ್ಕೆ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಕ್ಲಬ್ಬಿನ ಹೆಸರು, ಲೋಗೋ, ಆಟಗಾರರ ನೋಂದಣಿ ಎಲ್ಲವೂ ಕಂಪನಿಗೆ ಸೇರುತ್ತವೆ. ಹೆಸರಿನ ಮುಂದೆ ಅವರ ಲೇಔಟಿನ ಬ್ರ್ಯಾಂಡ್ ಬರುತ್ತದೆ. ಜೆರ್ಸಿ ಕೆಂಪು ಬಿಳಿ ಆಗುತ್ತದೆ. ತಂಡ ಎಲ್ಲಿ ನೆಲೆಸಬೇಕು ಎಂಬುದನ್ನು ಕಂಪನಿ ತೀರ್ಮಾನಿಸುತ್ತದೆ. ಏಳು ನಿರ್ದೇಶಕರಲ್ಲಿ ಇಬ್ಬರು "ಹಳೆಯ ಕ್ಲಬ್ಬಿನ ಪ್ರತಿನಿಧಿಗಳು".

ಹುಡುಗರಲ್ಲಿ ಅರ್ಧ ಜನಕ್ಕೆ ಖುಷಿಯಾಯಿತು. ತಪ್ಪೇನಿಲ್ಲ. ಇಪ್ಪತ್ತು ವರ್ಷದ ಹುಡುಗನಿಗೆ ಬೆಂಗಳೂರು ಲೀಗ್ ಎಂದರೆ ಒಂದು ದಾರಿ. ಬಣ್ಣ ಯಾವುದಾದರೇನು ಎಂದು ಅವನಿಗೆ ಅನಿಸುವುದು ಸಹಜ. ನನಗೂ ಮೊದಲ ವಾರ ಹಾಗೇ ಅನಿಸಿತ್ತು. ಎಲ್ಲ ಅವರೇ ಕೊಡುತ್ತಿದ್ದಾರೆ, ಕಾಗದದಲ್ಲೂ ಅವರದೇ ಆದರೆ ಏನು ನಷ್ಟ ಎಂದುಕೊಂಡಿದ್ದೆ.

ಮನಸ್ಸು ಬದಲಾದದ್ದು ಕಾಗದಗಳನ್ನು ಹುಡುಕಲು ಕೂತಾಗ. ನಮ್ಮ ಕ್ಲಬ್ ಸಂಘವಾಗಿಯೋ ಕಂಪನಿಯಾಗಿಯೋ ಎಲ್ಲಿಯೂ ನೋಂದಣಿ ಆಗಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅಂಥದ್ದೊಂದು ಕ್ಲಬ್ಬೇ ಇರಲಿಲ್ಲ. ಬ್ಯಾಂಕ್ ಖಾತೆ ಉದ್ಯಮಿಯ ಆಫೀಸಿನ ಅಕೌಂಟೆಂಟ್ ಹೆಸರಿನಲ್ಲಿತ್ತು. ಭಾರತದ ಫುಟ್‌ಬಾಲ್ ಫೆಡರೇಷನ್ನಿನ ಸಿಆರ್‌ಎಸ್ ಅಂತ ಒಂದು ನೋಂದಣಿ ವ್ಯವಸ್ಥೆ ಇದೆ. ಪ್ರತಿ ಆಟಗಾರ ಯಾವ ಕ್ಲಬ್ಬಿನವನು ಎಂಬ ದಾಖಲೆ ಅಲ್ಲಿರುತ್ತದೆ. ನಮ್ಮ ಕ್ಲಬ್ಬಿನ ಸಿಆರ್‌ಎಸ್ ಲಾಗಿನ್ ಮತ್ತು ಪಾಸ್‌ವರ್ಡ್ ಕೂಡ ಅದೇ ಆಫೀಸಿನಲ್ಲಿತ್ತು. ನಮ್ಮ ಕೈಯಲ್ಲಿ ಇದ್ದದ್ದು ಸ್ಕೋರ್ ಪುಸ್ತಕ, ಪಂಪು, ಹನ್ನೊಂದು ಹಳೇ ಬಾಲು.

ಆ ಲಾಗಿನ್ ಸಣ್ಣ ವಿಷಯ ಎಂದು ಅನಿಸಬಹುದು. ಸಣ್ಣದಲ್ಲ. ಫಿಫಾ ನಿಯಮದ ಪ್ರಕಾರ, ಒಬ್ಬ ಆಟಗಾರ ಹಣಕ್ಕೆ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ ಆ ಹಣದಲ್ಲಿ ಶೇಕಡಾ 5 ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಸೇರಬೇಕು. 12ನೇ ವಯಸ್ಸಿನಿಂದ 23ರವರೆಗೆ ಅವನು ಎಲ್ಲೆಲ್ಲಿ ನೋಂದಣಿ ಆಗಿದ್ದ ಎಂದು ನೋಡಿ ಹಂಚುತ್ತಾರೆ. ನಮ್ಮ ಹುಡುಗರಲ್ಲಿ ಯಾರೋ ಒಬ್ಬನಿಗೆ ಅಂಥ ಅದೃಷ್ಟ ಬಂದರೆ? ಬಿಸಿಲಲ್ಲಿ ನಿಂತು ಅವನಿಗೆ ಪಾಸ್ ಮಾಡುವುದನ್ನು ಕಲಿಸಿದವರಿಗೆ ಏನೂ ಇಲ್ಲ, ಕಾಗದ ಯಾರ ಹತ್ತಿರ ಇದೆಯೋ ಅವರಿಗೆ ಹಣ.

ಡೇರಿ ಲೆಕ್ಕ

ಜುಲೈನಲ್ಲಿ ಒಂದು ಸಭೆ ಕರೆದೆವು. ಸಮುದಾಯ ಭವನದ ಮುಂದೆ ಶಾಮಿಯಾನ ಹಾಕಿ ಸುಮಾರು ಎಂಬತ್ತು ಜನ ಸೇರಿದ್ದರು. ಕನ್ನಡ, ತಮಿಳು, ತೆಲುಗು ಮೂರೂ ಕಲೆತ ಮಾತು. ಕೆಜಿಎಫ್ ಸಭೆ ಅಂದರೆ ಹಾಗೇ. ಮಾಲೀಕತ್ವ, ಷೇರು, ಟ್ರಸ್ಟ್ ಎಂದು ನಾನು ಶುರು ಮಾಡಿದೆ. ಹತ್ತು ನಿಮಿಷದಲ್ಲಿ ಎಲ್ಲರ ಮುಖದಲ್ಲೂ ಆಯಾಸ ಕಾಣಿಸಿತು.

ಆಗ ನನಗೆ ನಮ್ಮೂರಿನ ಡೇರಿ ನೆನಪಾಯಿತು. ನನ್ನದು ಬಂಗಾರಪೇಟೆ ಹತ್ತಿರದ ಹಳ್ಳಿ. ಅಮ್ಮ ಇವತ್ತಿಗೂ ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾರೆ. ಎರಡು ಹಸು ಇರುವ ನಮ್ಮಮ್ಮನಿಗೂ ಒಂದು ವೋಟು. ಹದಿನೈದು ಹಸು ಇರುವ ಪಕ್ಕದ ಮನೆಯವರಿಗೂ ಒಂದೇ ವೋಟು. ಹಾಲಿನ ದುಡ್ಡು ಅವರವರ ಲೀಟರಿನ ಮೇಲೆ, ಫ್ಯಾಟಿನ ಮೇಲೆ ಬರುತ್ತದೆ. ಆದರೆ ಡೇರಿ ಹೇಗೆ ನಡೆಯಬೇಕು ಎನ್ನುವುದರಲ್ಲಿ ಇಬ್ಬರ ಕೈಯೂ ಒಂದೇ ಎತ್ತರ. ಇದನ್ನು ಹೇಳಿದ ಕೂಡಲೇ ಸಭೆ ಎದ್ದು ಕೂತಿತು. ಕೋಲಾರ ಜಿಲ್ಲೆಯಲ್ಲಿ ಡೇರಿ ಗೊತ್ತಿಲ್ಲದವರು ಯಾರಿದ್ದಾರೆ?

ಕಂಪನಿಯಲ್ಲಿ ಹಾಗಲ್ಲ. ಅಲ್ಲಿ ವೋಟು ಮನುಷ್ಯನಿಗಲ್ಲ, ಷೇರಿಗೆ. ನೂರರಲ್ಲಿ ಐವತ್ತೊಂದು ಷೇರು ಒಬ್ಬರ ಹತ್ತಿರ ಇದ್ದರೆ ಉಳಿದವರು ಸಭೆಗೆ ಹೋಗಿ ಚಹಾ ಕುಡಿದು ಬರಬಹುದು. ಜಗತ್ತಿನ ಫುಟ್‌ಬಾಲ್ ಕ್ಲಬ್ಬುಗಳೆಲ್ಲ ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ಇವೆ.

ಜರ್ಮನಿಯವರು ಎರಡನ್ನೂ ಸೇರಿಸಲು ನೋಡಿದರು. 1998ರಲ್ಲಿ ಕ್ಲಬ್ಬುಗಳು ಕಂಪನಿ ಮಾಡಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಜೊತೆಗೆ ಒಂದು ಷರತ್ತು ಹಾಕಿದರು. ಮತಗಳಲ್ಲಿ ಅರ್ಧ, ಅದರ ಮೇಲೆ ಒಂದು, ಸದಸ್ಯರ ಸಂಘದ ಹತ್ತಿರವೇ ಇರಬೇಕು. ಅದನ್ನು 50+1 ನಿಯಮ ಎನ್ನುತ್ತಾರೆ. ಹಣ ಹಾಕುವವರು ಎಷ್ಟು ಬೇಕಾದರೂ ಹಾಕಲಿ, ಚುಕ್ಕಾಣಿ ಸದಸ್ಯರದು. ಔಷಧ ಕಂಪನಿ ಬಾಯರ್‌ನ ಲೆವರ್‌ಕುಸೆನ್, ಫೋಕ್ಸ್‌ವ್ಯಾಗನ್‌ನ ವುಲ್ಫ್ಸ್‌ಬರ್ಗ್ ಇದಕ್ಕೆ ಹಳೆಯ ವಿನಾಯಿತಿಗಳು. ನಿಯಮದ ಅಕ್ಷರ ಉಳಿಸಿ ಅರ್ಥ ಕಳೆದವರೂ ಇದ್ದಾರೆ. 2009ರಲ್ಲಿ ಶುರುವಾದ ಲೈಪ್‌ಜಿಗ್ ಕ್ಲಬ್ಬಿನಲ್ಲಿ ಮತ ಹಾಕುವ ಸದಸ್ಯರು ಬೆರಳೆಣಿಕೆಯಷ್ಟು. ಸದಸ್ಯತ್ವವನ್ನೇ ಸಿಗದಂತೆ ಮಾಡಿದರೆ "ಸದಸ್ಯರದ್ದೇ ಕ್ಲಬ್" ಎಂದು ಬರೆದಿಟ್ಟು ಏನು ಪ್ರಯೋಜನ? ಇದು ಮುಂದೆ ನಮಗೆ ತುಂಬಾ ಕೆಲಸಕ್ಕೆ ಬಂತು.

ಸಭೆಯಲ್ಲಿ ಒಬ್ಬರು ಹಿರಿಯರಿದ್ದರು. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕೆಲಸ ಮಾಡಿದವರು, ಆಮೇಲೆ ರೆಫರಿ ಆದವರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತೇವೆ. ಅವರು ಎದ್ದು ನಿಂತು ಒಂದೇ ಮಾತು ಕೇಳಿದರು. "ಏಳು ಜನದಲ್ಲಿ ನಮ್ಮೋರು ಇಬ್ರು. ಅವರು ಬೇಡ ಅಂದ್ರೆ ಕೆಲಸ ನಿಲ್ಲುತ್ತಾ?"

ನಿಲ್ಲುವುದಿಲ್ಲ. ವೇಲ್ಸ್ ದೇಶದ ಸ್ವಾನ್ಸಿ ಕ್ಲಬ್ಬಿನ ಕಥೆ ಇಲ್ಲಿ ಹೇಳಬೇಕು. ಅಲ್ಲಿ ಅಭಿಮಾನಿಗಳ ಟ್ರಸ್ಟ್ ಹತ್ತಿರ ಶೇಕಡಾ 21ರಷ್ಟು ಷೇರು ಇತ್ತು. ಬೋರ್ಡಿನಲ್ಲಿ ಅವರ ಪ್ರತಿನಿಧಿ ಇದ್ದರು. ಎಲ್ಲರೂ ಅದನ್ನು ಮಾದರಿ ಕ್ಲಬ್ ಎಂದು ಹೊಗಳುತ್ತಿದ್ದರು. 2016ರಲ್ಲಿ ಉಳಿದ ಷೇರುದಾರರು ಅಮೆರಿಕದವರಿಗೆ ಮಾರಾಟದ ಮಾತು ಮುಗಿಸಿದರು. ಟ್ರಸ್ಟನ್ನು ಆ ಮಾತುಕತೆಗೆ ಸೇರಿಸಿಕೊಳ್ಳಲೇ ಇಲ್ಲ. ಏಳರಲ್ಲಿ ಎರಡು ಕುರ್ಚಿ ಅಂದರೆ ಸುಮಾರು ಅಷ್ಟೇ. ಎದುರಿಗೆ ಕೂರಬಹುದು. ತಡೆಯಲು ಆಗುವುದಿಲ್ಲ.

ಬೇಡ ಎನ್ನುವ ಹಕ್ಕು

ಆ ಸಭೆಯ ನಂತರ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಇವತ್ತಿಗೂ ಅದನ್ನೇ ನಂಬಿದ್ದೇನೆ. ಮಾಲೀಕತ್ವ ಎಂದರೆ ಹಣ ಯಾರು ಕೊಡುತ್ತಾರೆ ಎಂಬುದಲ್ಲ. ಕೆಲವು ವಿಷಯಗಳಿಗೆ ಬೇಡ ಎನ್ನುವ ಹಕ್ಕು ಯಾರ ಕೈಯಲ್ಲಿದೆ ಎಂಬುದು. ಯಾವ ವಿಷಯಗಳು? ನಾವು ನಾಲ್ಕು ಬರೆದುಕೊಂಡೆವು. ಹೆಸರು. ಬಣ್ಣ. ಊರು. ಆಟಗಾರರ ನೋಂದಣಿ.

ಬಣ್ಣದ ಮಾತು ಬಂದಾಗ ಕೆಲವರು ನಕ್ಕರು. ವೇಲ್ಸ್‌ನ ಕಾರ್ಡಿಫ್ ಕ್ಲಬ್ಬಿನಲ್ಲಿಯೂ ಇದು ಸಣ್ಣ ವಿಷಯ ಎಂದುಕೊಂಡಿದ್ದರು. 2012ರಲ್ಲಿ ಮಾಲೀಕ ವಿನ್ಸೆಂಟ್ ಟಾನ್ ನೀಲಿ ಜೆರ್ಸಿಯನ್ನು ಕೆಂಪು ಮಾಡಿದರು. ಮರುವರ್ಷವೇ ತಂಡ ಪ್ರೀಮಿಯರ್ ಲೀಗಿಗೆ ಏರಿತು. ಗೆದ್ದರೂ ಜನರ ಸಿಟ್ಟು ಇಳಿಯಲಿಲ್ಲ. 2015ರ ಜನವರಿಯಲ್ಲಿ ಮತ್ತೆ ನೀಲಿ ಬಂತು. ಹೆಸರಿನ ವಿಷಯಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ. 1889ರಲ್ಲಿ ಹುಟ್ಟಿದ ಮೋಹನ್ ಬಗಾನ್ 2020ರಲ್ಲಿ ಗೋಯೆಂಕಾ ಗ್ರೂಪಿನ ಜೊತೆ ಸೇರಿತು. ಶೇಕಡಾ 80 ಅವರದು. ಹೆಸರಿನ ಮುಂದೆ ಆ ಗ್ರೂಪಿನ ಹಳೆಯ ತಂಡದ ಹೆಸರು ಎಟಿಕೆ ಬಂತು. ಕೋಲ್ಕತ್ತಾದ ಅಭಿಮಾನಿಗಳು ಮೂರು ವರ್ಷ ಬಿಡಲಿಲ್ಲ. 2023ರ ಮಾರ್ಚಿನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ದಿನ ಆ ಮೂರು ಅಕ್ಷರ ತೆಗೆಯುವ ಘೋಷಣೆ ಆಯಿತು. ಪಕ್ಕದ ಈಸ್ಟ್ ಬೆಂಗಾಲ್‌ನಲ್ಲಿ ಇನ್ನೂ ಕಷ್ಟ ಆಯಿತು. ಹಣ ಹೂಡಿದ್ದ ಸಿಮೆಂಟ್ ಕಂಪನಿಗೂ ಹಳೆಯ ಕ್ಲಬ್ಬಿಗೂ 2021ರಲ್ಲಿ ಅಂತಿಮ ಕರಾರಿನ ಮೇಲೆ ಜಗಳ ಆಗಿ, ಅಭಿಮಾನಿಗಳು ಬೀದಿಗೆ ಬಂದು, ಪೊಲೀಸರು ಲಾಠಿ ಬೀಸುವವರೆಗೆ ಹೋಯಿತು. ಮೊದಲು ಹಣ, ಆಮೇಲೆ ಕರಾರು ಎಂದು ಹೊರಟರೆ ಹೀಗಾಗುತ್ತದೆ.

ಊರಿನ ಮಾತಿಗೆ ಲಂಡನ್ನಿನ ವಿಂಬಲ್ಡನ್ ಫುಟ್‌ಬಾಲ್ ಕ್ಲಬ್ಬಿಗಿಂತ ದೊಡ್ಡ ಸಾಕ್ಷಿ ಇಲ್ಲ. 2002ರ ಮೇ ತಿಂಗಳಲ್ಲಿ ಆ ಕ್ಲಬ್ಬನ್ನು ಸುಮಾರು 90 ಕಿಲೋಮೀಟರ್ ದೂರದ ಮಿಲ್ಟನ್ ಕೀನ್ಸ್ ಊರಿಗೆ ಎತ್ತಿಕೊಂಡು ಹೋಗಲು ಅನುಮತಿ ಸಿಕ್ಕಿತು. ಕೆಜಿಎಫ್‌ನಿಂದ ಬೆಂಗಳೂರಿಗೂ ಹೆಚ್ಚು ಕಡಿಮೆ ಅಷ್ಟೇ ದೂರ ಅಲ್ವಾ. ಅಭಿಮಾನಿಗಳು ಕೆಲವೇ ವಾರಗಳಲ್ಲಿ ತಮ್ಮದೇ ಎಎಫ್‌ಸಿ ವಿಂಬಲ್ಡನ್ ಕಟ್ಟಿದರು. ಸಾರ್ವಜನಿಕ ಬಯಲಿನಲ್ಲಿ ಆಯ್ಕೆ ನಡೆಸಿ ಆಟಗಾರರನ್ನು ಆರಿಸಿದರು. ಒಂಬತ್ತನೇ ದರ್ಜೆಯ ಲೀಗಿನಿಂದ ಶುರು ಮಾಡಿ ಒಂಬತ್ತು ವರ್ಷದಲ್ಲಿ, 2011ಕ್ಕೆ, ಫುಟ್‌ಬಾಲ್ ಲೀಗ್ ತಲುಪಿದರು. ಈ ಕಥೆ ಹೇಳುವಾಗ ನನ್ನ ಗಂಟಲು ಕಟ್ಟಿತು. ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ರೈಲು ಹತ್ತಿದ್ದನ್ನು ನೋಡಿದವನು ನಾನು. ಕ್ಲಬ್ಬೂ ರೈಲು ಹತ್ತಬಾರದು ಎಂದು ನನಗೆ ಅಂದು ಅನಿಸಿತು.

ಆದರೆ ಸಭೆಯಲ್ಲಿ ಎದುರು ಮಾತೂ ಬಂತು. ಬರಲೇಬೇಕಿತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನಮ್ಮ ಮಾಜಿ ಕ್ಯಾಪ್ಟನ್ ಕೇಳಿದ: "ಮೇಷ್ಟ್ರೇ, ಬಾರ್ಸಿಲೋನಾ ಸದಸ್ಯರದ್ದೇ ಕ್ಲಬ್. 2021ಕ್ಕೆ ಅವರ ಸಾಲ 100 ಕೋಟಿ ಯೂರೋ ದಾಟಿತ್ತು. ಮೆಸ್ಸಿಯನ್ನೇ ಇಟ್ಟುಕೊಳ್ಳಲು ಆಗಲಿಲ್ಲ. ವೋಟಿದ್ದರೆ ಬುದ್ಧಿ ಬರುತ್ತಾ?" ನ್ಯಾಯವಾದ ಪ್ರಶ್ನೆ. ಸದಸ್ಯರ ವೋಟು ಗೆಲ್ಲಲು ಅಧ್ಯಕ್ಷರು ದೊಡ್ಡ ದೊಡ್ಡ ಹೆಸರುಗಳ ಆಸೆ ತೋರಿಸುತ್ತಾರೆ. ಲೆಕ್ಕ ಆಮೇಲೆ ಬರುತ್ತದೆ.

ಅವನೇ ಇಂಗ್ಲೆಂಡಿನ ಪೋರ್ಟ್ಸ್‌ಮೌತ್ ಕಥೆಯನ್ನೂ ಹೇಳಿದ. 2008ರಲ್ಲಿ ಎಫ್‌ಎ ಕಪ್ ಗೆದ್ದ ಕ್ಲಬ್. ಮಾಲೀಕರು ಒಬ್ಬರಾದ ಮೇಲೆ ಒಬ್ಬರು ಬಂದು ಎರಡು ಸಲ ದಿವಾಳಿಯ ಬಾಗಿಲಿಗೆ ತಂದರು. 2013ರಲ್ಲಿ ಅಭಿಮಾನಿಗಳು ತಲಾ 1,000 ಪೌಂಡಿನ ಷೇರು ಕೊಂಡು ಉಳಿಸಿಕೊಂಡರು. ಸಾಲ ತೀರಿಸಿದರು. 2017ರಲ್ಲಿ ಒಂದು ದರ್ಜೆ ಮೇಲೆ ಏರಿದರು. ಅದೇ ವರ್ಷ ಡಿಸ್ನಿಯ ಮಾಜಿ ಮುಖ್ಯಸ್ಥ ಮೈಕೆಲ್ ಐಸ್ನರ್ ಕೊಳ್ಳಲು ಬಂದಾಗ ಸುಮಾರು ಶೇಕಡಾ 80 ಮತ ಮಾರಾಟದ ಪರ ಬಂತು. "ಕೊನೆಗೆ ಅವರೇ ಮಾರಿದ್ರಲ್ಲ" ಎಂದ.

ಮಾರಿದರು, ನಿಜ. ಆದರೆ ಯಾರು ಮಾರಿದರು ಎಂಬುದನ್ನು ನೋಡಬೇಕು. ಇಂಗ್ಲೆಂಡಿನದೇ ಬ್ಯೂರಿ ಎಂಬ ಕ್ಲಬ್ಬನ್ನು 2018ರ ಡಿಸೆಂಬರಿನಲ್ಲಿ ಒಬ್ಬರು ಒಂದು ಪೌಂಡಿಗೆ ಕೊಂಡರು. ಮುಂದಿನ ಆಗಸ್ಟಿಗೆ ಲೀಗಿನಿಂದಲೇ ಹೊರಗೆ. 1894ರಿಂದ ಲೀಗಿನಲ್ಲಿದ್ದ ಕ್ಲಬ್ ಅದು. ಬ್ಯೂರಿಯ ಜನರನ್ನು ಯಾರೂ ಕೇಳಲಿಲ್ಲ. ಪೋರ್ಟ್ಸ್‌ಮೌತ್ ಜನರನ್ನು ಕೇಳಿದರು, ಅವರು ಯೋಚಿಸಿ ಹೂಂ ಎಂದರು. ನಾನು ಕೇಳುತ್ತಿದ್ದದ್ದೂ ಅಷ್ಟೇ. ನಾಳೆ ನಾವೇ ಮಾರಬಹುದು. ಆದರೆ ಕೇಳದೆ ಯಾರೂ ಮಾರಬಾರದು.

ಬೈಲಾ ಬರೆದ ದಿನಗಳು

ಕರಾರಿಗೆ ಸೈನ್ ಆಗಲಿಲ್ಲ. ಉದ್ಯಮಿಗೆ ನೋವಾಯಿತು. "ಆರು ವರ್ಷ ಸಾಕಿದ್ದಕ್ಕೆ ಇದಾ?" ಎಂದು ಫೋನಿನಲ್ಲಿ ಕೇಳಿದರು. ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅವರ ಆಫೀಸಿನಿಂದ ಸಿಆರ್‌ಎಸ್ ಲಾಗಿನ್ ಬಿಡಿಸಿಕೊಳ್ಳಲು ಮೂರು ತಿಂಗಳು ಹಿಡಿಯಿತು. ಪತ್ರ ಬರೆದೆ, ಫೋನ್ ಮಾಡಿದೆ, ಕೆಲಸ ಆಗಲಿಲ್ಲ. ಕೊನೆಗೆ ರೆಫರಿ ಅಣ್ಣ ಅವರ ಮನೆಗೆ ಹೋದರು. ಚಿಕ್ಕ ವಯಸ್ಸಿನಲ್ಲಿ ಅವರಿಗೆ ಆಟ ಕಲಿಸಿದವರು ಇವರೇ. ಏನು ಮಾತಾಡಿದರೋ ಗೊತ್ತಿಲ್ಲ. ಮರುದಿನ ಪಾಸ್‌ವರ್ಡ್ ಬಂತು.

ನೋಂದಣಿಗೆ ನಮ್ಮ ಮುಂದೆ ಮೂರು ದಾರಿ ಇದ್ದವು. ಪ್ರೈವೇಟ್ ಕಂಪನಿಯಲ್ಲಿ 200ಕ್ಕಿಂತ ಹೆಚ್ಚು ಷೇರುದಾರರು ಇರುವಂತಿಲ್ಲ. ಊರಿಗೆಲ್ಲ ಬಾಗಿಲು ತೆರೆಯಬೇಕು ಎನ್ನುವವರಿಗೆ ಅದು ಸರಿಹೋಗದು. ಸಹಕಾರಿ ಸಂಘ ಮನಸ್ಸಿಗೆ ಹಿಡಿಸಿತ್ತು, ಆದರೆ ನಮ್ಮಷ್ಟು ಸಣ್ಣವರಿಗೆ ಆ ವ್ಯವಸ್ಥೆ ಭಾರ ಎನಿಸಿತು. ಕೊನೆಗೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ಸಂಘ ಮಾಡಿದೆವು. ಕನಿಷ್ಠ ಏಳು ಜನ ಬೇಕು. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ ಸಮಿತಿಯ ಪಟ್ಟಿ, ಲೆಕ್ಕಪತ್ರ ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು. ಲಾಭವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ. ಇದು ಕೆಲವರಿಗೆ ನಿರಾಸೆ ತಂದಿತು. "ಮಾಲೀಕ ಅಂತೀರಿ, ಒಂದು ಪೈಸೆ ಬರಲ್ಲ ಅಂತೀರಿ" ಎಂದರು. ಹೌದು, ಇಲ್ಲಿ ಮಾಲೀಕನಿಗೆ ಸಿಗುವುದು ಒಂದು ವೋಟು ಮಾತ್ರ.

ಸದಸ್ಯತ್ವ ಶುಲ್ಕದ ಮೇಲೆ ಮೂರು ಭಾನುವಾರ ಜಗಳ ನಡೆಯಿತು. ತಿಂಗಳಿಗೆ 500 ಎಂದರು ಕೆಲವರು. ಆಗ ಲೈಪ್‌ಜಿಗ್ ಮಾತು ಮತ್ತೆ ಬಂತು. ಶುಲ್ಕ ಜಾಸ್ತಿ ಮಾಡಿದರೆ ಬಡವರು ತಾವಾಗಿಯೇ ಹೊರಗೆ ಉಳಿಯುತ್ತಾರೆ. 100 ರೂಪಾಯಿ ಎಂದು ತೀರ್ಮಾನ ಆಯಿತು. ಅದೂ ಕಷ್ಟ ಎನ್ನುವವರಿಗೆ ಡೇರಿಯಿಂದಲೇ ಇನ್ನೊಂದು ದಾರಿ ಸಿಕ್ಕಿತು. ಡೇರಿಯಲ್ಲಿ ಸುಮ್ನೆ ಸದಸ್ಯ ಆದರೆ ಸಾಲದು, ಹಾಲು ಹಾಕಬೇಕು. ಹಾಗೆಯೇ ಇಲ್ಲಿ ಹಣ ಕೊಡಲಾಗದವರು ವರ್ಷಕ್ಕೆ ಹನ್ನೆರಡು ದಿನ ಕೆಲಸ ಕೊಡಬೇಕು. ಸುಣ್ಣದ ಗೆರೆ ಎಳೆಯುವುದು, ಜೆರ್ಸಿ ಒಗೆಯುವುದು, ಚಿಕ್ಕ ಮಕ್ಕಳನ್ನು ಪಂದ್ಯಕ್ಕೆ ಕರೆದುಕೊಂಡು ಹೋಗುವುದು. ರಿಜಿಸ್ಟರಿನಲ್ಲಿ ಸಹಿ ಇದ್ದರೆ ಶುಲ್ಕ ಕೊಟ್ಟಂತೆ. ಇಡೀ ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ನನಗೆ ತುಂಬಾ ಇಷ್ಟವಾದ ಸಾಲು ಇದು.

ನಮ್ಮ ಹೆಣ್ಣುಮಕ್ಕಳ ತಂಡದ ಹದಿನಾರರ ಹುಡುಗಿ ಕೇಳಿದಳು, "ಸಾರ್, ನಮಗೂ ವೋಟಿದೆಯಾ?" ಹದಿನೆಂಟು ತುಂಬದೆ ಸದಸ್ಯತ್ವ ಕೊಡುವಂತಿಲ್ಲ. ಅದಕ್ಕೇ ಅವಳ ತಾಯಿ ಸದಸ್ಯರಾದರು. ಅವರನ್ನು ನೋಡಿ ಇನ್ನೂ ಹದಿನೇಳು ತಾಯಂದಿರು ಸೇರಿದರು. ಒಂಬತ್ತು ಜನರ ಸಮಿತಿಯಲ್ಲಿ ಇಬ್ಬರು ಹೆಂಗಸರು, ಇಬ್ಬರು ಆಡುವ ಆಟಗಾರರು ಇರಲೇಬೇಕು ಎಂದು ಬರೆದೆವು. ಹೆಸರು, ಬಣ್ಣ, ಊರು, ನೋಂದಣಿ ಈ ನಾಲ್ಕರಲ್ಲಿ ಯಾವುದನ್ನು ಮುಟ್ಟಬೇಕಾದರೂ ಅರ್ಧ ಸದಸ್ಯರು ಹಾಜರಿರಬೇಕು. ಬಂದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು.

2024ರ ಫೆಬ್ರವರಿಯಲ್ಲಿ ನೋಂದಣಿ ಪತ್ರ ಕೈಗೆ ಬಂತು. ಅದೇ ದಿನಗಳಲ್ಲಿ ಜರ್ಮನಿಯ ಪಂದ್ಯಗಳು ಅರ್ಧಕ್ಕೆ ನಿಲ್ಲುತ್ತಿದ್ದವು. ಲೀಗಿಗೆ ಹೊರಗಿನ ಹೂಡಿಕೆದಾರರನ್ನು ತರುವ ತೀರ್ಮಾನದ ವಿರುದ್ಧ ಅಭಿಮಾನಿಗಳು ಮೈದಾನಕ್ಕೆ ಟೆನಿಸ್ ಬಾಲು ಎಸೆಯುತ್ತಿದ್ದರು. ಆ ತಿಂಗಳೇ ಲೀಗು ಯೋಜನೆ ಕೈಬಿಟ್ಟಿತು. ನಮ್ಮ ಹುಡುಗರು ಮೊಬೈಲಿನಲ್ಲಿ ಅದನ್ನು ಮತ್ತೆ ಮತ್ತೆ ನೋಡಿದರು.

ಕಳೆದುಕೊಂಡದ್ದು

ಮೊದಲ ವರ್ಷ ಕಷ್ಟದ್ದು. ಇದನ್ನು ಮುಚ್ಚಿಟ್ಟು ಬರೆದರೆ ಈ ಬರಹ ಯಾರಿಗೂ ಉಪಯೋಗವಿಲ್ಲ.

ಸದಸ್ಯರು 118. ತಪ್ಪದೆ ಹಣ ಕೊಟ್ಟವರು 71. ಅಂದರೆ ವರ್ಷಕ್ಕೆ 85,200 ರೂಪಾಯಿ. ಖರ್ಚು ಮೂರು ಲಕ್ಷ. ಎರಡು ಟೂರ್ನಮೆಂಟಿಗೆ ಹೋಗಲಿಲ್ಲ. ಕೋಚ್ ಬೇರೆ ಕಡೆ ಕೆಲಸ ಹಿಡಿದರು. ನಮ್ಮ ಇಬ್ಬರು ಒಳ್ಳೆಯ ಫಾರ್ವರ್ಡ್‌ಗಳು ಬೆಂಗಳೂರಿನ ಬೇರೆ ಕ್ಲಬ್ಬಿಗೆ ಹೋದರು. ಅವರಲ್ಲಿ ಒಬ್ಬ ಹೋಗುವಾಗ ನನ್ನ ಕಾಲು ಮುಟ್ಟಿ, "ವೋಟು ಇಟ್ಕೊಂಡು ನಾನು ಏನು ಮಾಡಲಿ ಸಾರ್, ನನಗೆ ಆಡಬೇಕು" ಎಂದ. ಆ ಮಾತು ಇನ್ನೂ ಮನಸ್ಸಿನಲ್ಲಿದೆ. ಊರಿನ ಕ್ಲಬ್ ಉಳಿಸಿಕೊಳ್ಳುವ ಬೆಲೆಯನ್ನು ಊರು ಕೊಡಲಿಲ್ಲ, ಅವನು ಕೊಟ್ಟ.

ಚುನಾವಣೆಯೂ ಸುಲಭ ಇರಲಿಲ್ಲ. ಒಂದು ಲೈನಿನವರೆಲ್ಲ ಒಂದು ಕಡೆ, ರಾಬರ್ಟ್‌ಸನ್‌ಪೇಟೆಯವರು ಇನ್ನೊಂದು ಕಡೆ. ಫುಟ್‌ಬಾಲ್ ನೋಡದವರನ್ನೂ ಸದಸ್ಯರನ್ನಾಗಿ ಮಾಡಿ ಕರೆತಂದರು. ಲೆಕ್ಕಪತ್ರ ಎರಡು ತಿಂಗಳು ತಡವಾಯಿತು, ಅದು ನನ್ನದೇ ತಪ್ಪು. ಈಗ ಪ್ರತಿ ತಿಂಗಳ ಮೊದಲ ಭಾನುವಾರ ಜಮಾ ಖರ್ಚನ್ನು ಚಾರ್ಟ್ ಹಾಳೆಯಲ್ಲಿ ಬರೆದು ಬೇವಿನ ಮರಕ್ಕೆ ಕಟ್ಟುತ್ತೇವೆ. ಹಾಗೆ ಮಾಡಿದ ಮೇಲೆ ಹಣ ಕೊಡುವವರು ಹೆಚ್ಚಾದರು. ಎರಡನೇ ವರ್ಷ 71 ಇದ್ದದ್ದು 104 ಆಯಿತು.

ಎರಡನೇ ಸಲ ಬಂದ ಹಣ

2025ರ ಜುಲೈನಲ್ಲಿ ಬೆಂಗಳೂರಿನ ಒಂದು ಸಣ್ಣ ಕಂಪನಿ ವರ್ಷಕ್ಕೆ ಒಂದೂವರೆ ಲಕ್ಷ ಕೊಡಲು ಮುಂದೆ ಬಂತು. ಆ ಕಂಪನಿ ನಡೆಸುವವರು ಕೆಜಿಎಫ್‌ನಲ್ಲಿ ಹುಟ್ಟಿದವರು. ಹಳೆಯ ಅನುಭವದಿಂದ ಕೆಲವರು ಹೆದರಿದರು. ಯಾರ ಹಣವೂ ಬೇಡ ಎಂದರು. ನಾನು ಅದನ್ನು ಒಪ್ಪಲಿಲ್ಲ. ಅಭಿಮಾನಿಗಳ ಕ್ಲಬ್ ಎಂದರೆ ಹೊರಗಿನ ಹಣ ಮುಟ್ಟಬಾರದು ಎಂಬ ಅರ್ಥ ಅಲ್ಲ.

ಎಡಿನ್‌ಬರೋದ ಹಾರ್ಟ್ಸ್ ಕ್ಲಬ್ ಇದಕ್ಕೆ ಒಳ್ಳೆಯ ಉದಾಹರಣೆ. 2013ರಲ್ಲಿ ಅದು ಸಾಲದಲ್ಲಿ ಮುಳುಗಿತ್ತು. ಸುಮಾರು 8,000 ಅಭಿಮಾನಿಗಳು ತಿಂಗಳು ತಿಂಗಳು ಸಣ್ಣ ಮೊತ್ತ ಕೊಡುತ್ತಾ ಹೋದರು. ಆನ್ ಬಡ್ಜ್ ಎಂಬ ಉದ್ಯಮಿ ನಡುವೆ ನಿಂತು ಕ್ಲಬ್ ಕೊಂಡು, ನಡೆಸಿ, 2021ರಲ್ಲಿ ಬಹುಪಾಲು ಷೇರನ್ನು ಅಭಿಮಾನಿಗಳ ಸಂಸ್ಥೆಗೆ ಒಪ್ಪಿಸಿದರು. 2025ರಲ್ಲಿ ಬ್ರೈಟನ್ ಕ್ಲಬ್ಬಿನ ಮಾಲೀಕ ಟೋನಿ ಬ್ಲೂಮ್ ಅಲ್ಲಿಗೆ ಹಣ ಹಾಕಿದರು. ಶೇಕಡಾ 29 ಪಾಲು, ಆದರೆ ಮತದ ಹಕ್ಕಿಲ್ಲದ ಪಾಲು. ಹಣಕ್ಕೆ ಬಾಗಿಲು ತೆರೆದರು, ಬೀಗದ ಕೈ ಕೊಡಲಿಲ್ಲ.

ನಾವೂ ಹಾಗೆಯೇ ಬರೆದುಕೊಂಡೆವು. ಮೂರು ವರ್ಷದ ಪ್ರಾಯೋಜಕತ್ವ. ಜೆರ್ಸಿಯ ಬೆನ್ನಿನ ಮೇಲೆ ಅವರ ಹೆಸರು. ಎದೆಯ ಮೇಲೆ ನಮ್ಮ ಹೆಸರು. ಬಣ್ಣ ಹಳದಿ. ಸಮಿತಿಯಲ್ಲಿ ಕುರ್ಚಿ ಇಲ್ಲ. ಬೇಕಾದರೆ 100 ರೂಪಾಯಿ ಕೊಟ್ಟು ಸದಸ್ಯರಾಗಬಹುದು, ಒಂದು ವೋಟು. ಸರ್ವಸದಸ್ಯರ ಸಭೆಯಲ್ಲಿ ಚೀಟಿ ಹಾಕಿದರು. ಹುಡುಗಿಯರ ತಂಡದ ತಾಯಂದಿರೇ ಎಣಿಸಿದರು. ಪರ 61, ವಿರುದ್ಧ 22. ಹಳೆಯ ಉದ್ಯಮಿಗೂ ಸದಸ್ಯತ್ವದ ಫಾರ್ಮ್ ಕಳಿಸಿದ್ದೇವೆ. ತುಂಬಿ ಕಳಿಸಿಲ್ಲ. ಆದರೆ ಕಳೆದ ದೀಪಾವಳಿಗೆ ಹತ್ತು ಹೊಸ ಬಾಲು ಕಳಿಸಿದರು, ಹೆಸರು ಹಾಕಬೇಡಿ ಎಂದು ಹೇಳಿ.

ಇನ್ನು ಉಳಿದಿರುವುದು ಮೈದಾನ. ಕ್ಲಬ್ ನಮ್ಮದಾಯಿತು, ನಿಂತಿರುವ ನೆಲ ನಮ್ಮದಲ್ಲ. ಅದು ಹಳೆಯ ಗಣಿಯ ಆಸ್ತಿ. ನಾಳೆ ಅಲ್ಲಿ ಬೇಲಿ ಬಿದ್ದರೆ ನಮ್ಮ ಬೈಲಾದ ಯಾವ ಸಾಲೂ ತಡೆಯುವುದಿಲ್ಲ. ವಿಂಬಲ್ಡನ್ ಅಭಿಮಾನಿಗಳಿಗೂ ತಮ್ಮ ಪ್ಲೋ ಲೇನ್ ಬೀದಿಗೆ ವಾಪಸು ಬರಲು 2020ರ ನವೆಂಬರ್‌ವರೆಗೆ ಕಾಯಬೇಕಾಯಿತು. ಕ್ಲಬ್ ಕಟ್ಟಿದ ಹದಿನೆಂಟು ವರ್ಷದ ಮೇಲೆ. ಬೆಳಿಗ್ಗೆ ಮತ್ತು ಸಂಜೆ ಎರಡೆರಡು ಗಂಟೆ ಆಡಲು ಬರವಣಿಗೆಯಲ್ಲಿ ಅನುಮತಿ ಕೊಡಿ ಎಂದು ನಾವು ಅರ್ಜಿ ಹಾಕಿದ್ದೇವೆ. 118 ಜನ ಸಹಿ ಮಾಡಿದ್ದಾರೆ. ಸದಸ್ಯತ್ವಕ್ಕೆ ವಯಸ್ಸಾಗದ ಮಕ್ಕಳು ಬೇರೆ ಹಾಳೆಯಲ್ಲಿ ಸಹಿ ಹಾಕಿ ಅದರ ಹಿಂದೆ ಪಿನ್ ಮಾಡಿದ್ದಾರೆ. ಮುಂದಿನ ಸೋಮವಾರ ರೆಫರಿ ಅಣ್ಣನೂ ನಾನೂ ಅದನ್ನು ವಿಚಾರಿಸಲು ಕಚೇರಿಗೆ ಹೋಗುತ್ತಿದ್ದೇವೆ.